ಮಳೆಗಾಲದ ಹೆಸರಿನ ಹಾಯಿದೋಣಿ: ಸ್ವೀಡನ್ನಿನ ರಾಸಿ ಮನೆತನದ ಕಥೆ

ಸ್ವೀಡನ್ನಿನ ಒಂದು ಹಾಯಿದೋಣಿಗೆ ನಮ್ಮ ಮಳೆಗಾಲದ ಹೆಸರಿದೆ. ಮಾನ್ಸುನ್ 31 ಅಂತ. ಮಾನ್ಸೂನ್ ಗಾಳಿಗೆ ಸ್ವೀಡಿಶ್ ಭಾಷೆಯಲ್ಲಿ ಹಾಗೆ ಹೇಳುತ್ತಾರೆ. ದೋಣಿಯ ಉದ್ದ ಒಂಬತ್ತೂವರೆ ಮೀಟರಿಗೆ ತುಸು ಕಮ್ಮಿ. 1974ರಿಂದ 1982ರ ನಡುವೆ ಒಂದೇ ಅಚ್ಚಿನಲ್ಲಿ ಇಂಥ 904 ದೋಣಿಗಳು ಹೊರಬಂದವು. ಅರಬ್ಬೀ ಸಮುದ್ರದ ಮಳೆಗಾಳಿಯ ಹೆಸರು ಅಷ್ಟು ದೂರದ, ಅಷ್ಟು ಚಳಿಯ ಊರಿನ ದೋಣಿಗೆ ಅಂಟಿಕೊಂಡಿದೆ ಅಂದರೆ ಯಾರಿಗಾದರೂ ಕುತೂಹಲ ಹುಟ್ಟುತ್ತದೆ, ಅಲ್ವಾ? ನನಗಂತೂ ಅಲ್ಲಿಂದಲೇ ಶುರುವಾಯಿತು.

ಕಟ್ಟಿದ ಕಂಪನಿಯ ಹೆಸರು ಹಾಲ್‌ಬರ್ಗ್-ರಾಸಿ. ನಡುವಿನ ಆ ಗೆರೆಯಲ್ಲೇ ಅರ್ಧ ಕಥೆ ಇದೆ. ಇಬ್ಬರೂ ಜೊತೆಗೆ ಸೇರಿ ಕಂಪನಿ ಶುರು ಮಾಡಿದವರು ಅಂತ ಯಾರಿಗಾದರೂ ಅನ್ನಿಸಬೇಕು. ನಿಜ ಬೇರೆ. ಹಾಲ್‌ಬರ್ಗ್ ಕೆಲಸ ಸಾಕು ಅಂತ ಬಿಟ್ಟರು, ರಾಸಿ ಅವರ ಕಾರ್ಖಾನೆ ಕೊಂಡುಕೊಂಡರು. ಕೊಂಡವರು ಹಳೇ ಬೋರ್ಡು ಕಿತ್ತುಹಾಕಲಿಲ್ಲ. ಆ ಹೆಸರನ್ನು ಮುಂದೆ ಇಟ್ಟು ತಮ್ಮ ಹೆಸರನ್ನು ಅದರ ಬಾಲಕ್ಕೆ ಸೇರಿಸಿದರು.

ಮೊದಲು ಜಾಗ ನೋಡೋಣ. ಸ್ವೀಡನ್ನಿನ ಪಶ್ಚಿಮ ಕರಾವಳಿಯಲ್ಲಿ, ಗೋಥೆನ್‌ಬರ್ಗ್ ನಗರದಿಂದ ಉತ್ತರಕ್ಕೆ, ಊರುಸ್ಟ್ ಅನ್ನುವ ದ್ವೀಪವಿದೆ. ಸುತ್ತಲಿನ ಸೀಮೆಗೆ ಬೂಹುಸ್‌ಲೇನ್ ಅಂತ ಹೆಸರು. ಬೋಳು ಬಂಡೆಗಳ ಕರಾವಳಿ. ಸಣ್ಣ ಸಣ್ಣ ನಡುಗಡ್ಡೆಗಳು ಲೆಕ್ಕವಿಲ್ಲದಷ್ಟು. 18ನೇ ಶತಮಾನದಲ್ಲಿ ಇಲ್ಲಿ ಹೆರಿಂಗ್ ಮೀನು ರಾಶಿ ರಾಶಿ ಬರುತ್ತಿತ್ತು, ಮೀನುಗಾರಿಕೆಯೇ ಬದುಕು. ಮೀನುಗಾರಿಕೆ ಇದ್ದ ಕಡೆ ದೋಣಿ ಬೇಕು, ದೋಣಿ ಬೇಕಾದ ಕಡೆ ಬಡಗಿಗಳು ಇರುತ್ತಾರೆ. ಕೈಯಿಂದ ಕೈಗೆ ಇಳಿದು ಬಂದ ಆ ಕಸುಬು ಮುಂದೆ ಮೋಜಿನ ಹಾಯಿದೋಣಿಗಳಿಗೆ ತಿರುಗಿತು. ಒಂದೇ ದ್ವೀಪದಲ್ಲಿ, ಆಸುಪಾಸಿನ ಊರುಗಳಲ್ಲಿ, ಹಾಲ್‌ಬರ್ಗ್-ರಾಸಿ, ನಯಾದ್, ಮಾಲೋ, ವಿಂಡೋ ಅಂತ ಒಂದಾದ ಮೇಲೊಂದು ದೋಣಿ ಕಟ್ಟುವ ಮನೆಗಳು ಎದ್ದವು.

1943ರಲ್ಲಿ ಹ್ಯಾರಿ ಹಾಲ್‌ಬರ್ಗ್ ಈ ದ್ವೀಪದ ಕುಂಗ್ಸ್‌ವೀಕೆನ್‌ನಲ್ಲಿ ಸ್ವಂತ ಕಾರ್ಖಾನೆ ಹಾಕಿದರು. ಕುಂಗ್ಸ್‌ವೀಕೆನ್ ಅಂದರೆ ರಾಜನ ಕೊಲ್ಲಿ. ಸುತ್ತ ಮಹಾಯುದ್ಧ ನಡೆಯುತ್ತಿದ್ದ ಕಾಲ. ಸ್ವೀಡನ್ ಯುದ್ಧಕ್ಕೆ ಇಳಿದಿರಲಿಲ್ಲ. ಅದೇ ಸಮಯದಲ್ಲಿ ಉತ್ತರದ ದೇಶಗಳಲ್ಲಿ ಒಂದು ಹೊಸ ದೋಣಿ ಹುಟ್ಟಿತ್ತು: ಫೋಲ್ಕ್‌ಬೋಟ್, ಅಂದರೆ ಜನರ ದೋಣಿ. ಸಾಮಾನ್ಯ ಸಂಬಳದವರೂ ಕೊಳ್ಳುವಂಥ, ಆದರೆ ಸಮುದ್ರಕ್ಕೆ ಹೆದರದ ದೋಣಿಗೆ ನಕ್ಷೆ ಬೇಕು ಅಂತ ಸ್ಪರ್ಧೆ ನಡೆದಿತ್ತು. ಬಂದ ನಕ್ಷೆಗಳಲ್ಲಿ ಯಾವುದೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ಒಳ್ಳೆಯ ನಾಲ್ಕಾರು ನಕ್ಷೆಗಳ ಗುಣಗಳನ್ನು ಕೂಡಿಸಿ ಟೂರ್ಡ್ ಸುಂಡೆನ್ ಕೊನೆಯ ರೂಪ ಬರೆದರು. 1942ರಲ್ಲಿ ಮೊದಲ ದೋಣಿ ನೀರಿಗಿಳಿಯಿತು. ಹ್ಯಾರಿ ಹಾಲ್‌ಬರ್ಗ್ ತಮ್ಮ ಕೊಟ್ಟಿಗೆಯಲ್ಲಿ ಈ ದೋಣಿಗಳನ್ನೇ ಕಟ್ಟತೊಡಗಿದರು.

ಮರದ ಫೋಲ್ಕ್‌ಬೋಟ್ ಕಟ್ಟುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹಲಗೆಗಳನ್ನು ನಮ್ಮ ಹೆಂಚಿನ ಮಾಡಿನ ಹಾಗೆ ಹೊಂದಿಸುತ್ತಾರೆ. ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ಏರುತ್ತದೆ. ಅಂಚು ಅಂಚು ಸೇರಿದ ಕಡೆ ತೂತು ಕೊರೆದು ತಾಮ್ರದ ಮೊಳೆ ದೂಡಿ, ಒಳಗಡೆ ತಾಮ್ರದ ಬಿಲ್ಲೆ ಇಟ್ಟು, ಮೊಳೆಯ ತುದಿಯನ್ನು ಬಡಿದು ಚಪ್ಪಟೆ ಮಾಡುತ್ತಾರೆ. ಹೊರಗೊಬ್ಬ ಒತ್ತಿ ಹಿಡಿಯಬೇಕು, ಒಳಗೊಬ್ಬ ಬಡಿಯಬೇಕು. ಇಂಥ ಮೊಳೆಗಳು ದೋಣಿಯ ಉದ್ದಕ್ಕೂ. ಪ್ರತಿ ಹಲಗೆಗೂ ಬಾಗು ಬೇರೆ, ಓರೆ ಬೇರೆ. ಕೆತ್ತಿ, ಹಿಡಿದು ನೋಡಿ, ಮತ್ತೆ ಕೆತ್ತಿ ಕೂರಿಸಬೇಕು. ದೋಣಿಯ ಉದ್ದ ಏಳೂವರೆ ಮೀಟರಿನ ಆಸುಪಾಸು ಅಷ್ಟೇ. ಆದರೂ ಕೆಲಸ ಅಂದರೆ ಕೆಲಸ.

ಇಲ್ಲಿ ಹ್ಯಾರಿ ಹಾಲ್‌ಬರ್ಗ್ ಒಂದು ಬೇರೆ ದಾರಿ ಹಿಡಿದರು. ಗಿರಾಕಿ ಬಂದಾಗ ಒಂದು ದೋಣಿ ಕಟ್ಟುವುದು, ಇನ್ನೊಬ್ಬ ಬಂದಾಗ ಇನ್ನೊಂದು, ಇದು ಬಡಗಿಗಳ ಹಳೇ ರೂಢಿ. ಇವರು ಒಂದೇ ನಮೂನೆಯ ದೋಣಿಗಳನ್ನು ಸಾಲಾಗಿ ಕಟ್ಟುವ ಕಡೆ ಹೋದರು. ಒಂದೇ ಅಳತೆಯ ಭಾಗಗಳನ್ನು ಒಟ್ಟಿಗೆ ಮಾಡಿಟ್ಟರೆ ಸಮಯ ಉಳಿಯುತ್ತದೆ, ಬೆಲೆ ಇಳಿಯುತ್ತದೆ. ಆಮೇಲೆ ಬಂದ ಫೈಬರ್‌ಗ್ಲಾಸ್ ಇದೇ ಯೋಚನೆಯನ್ನು ಪೂರ್ತಿಯಾಗಿ ಕೈಗೂಡಿಸಿತು.

ಫೈಬರ್‌ಗ್ಲಾಸ್ ದೋಣಿ ನಮ್ಮ ಕರಾವಳಿಯವರಿಗೆ ಹೊಸದೇನಲ್ಲ. ಮಲ್ಪೆ, ಗಂಗೊಳ್ಳಿ ಕಡೆಯ ನಾಡದೋಣಿಗಳೂ ಮರದಿಂದ ಫೈಬರಿಗೆ ಬಂದಿವೆ. ಆದರೆ ಮಾಡುವುದು ಹೇಗೆ? ಮೊದಲು ದೋಣಿಯದೇ ಆಕಾರದ ಒಂದು ಮಾದರಿ ಕಟ್ಟುತ್ತಾರೆ. ಅದನ್ನು ಕನ್ನಡಿಯಂತೆ ನಯ ಮಾಡುತ್ತಾರೆ. ಅದರ ಮೇಲಿಂದ ಒಂದು ಅಚ್ಚು ತೆಗೆಯುತ್ತಾರೆ. ಅಚ್ಚು ಟೊಳ್ಳು, ಒಂದು ದೊಡ್ಡ ಬೋಗುಣಿಯಂತೆ. ಒಳಮೈಗೆ ಮೇಣ ಸವರಿ, ಮೊದಲ ಪದರವಾಗಿ ಜೆಲ್‌ಕೋಟ್ ಹಾಕುತ್ತಾರೆ. ದೋಣಿಯ ಹೊರಗೆ ಕಾಣುವ ಹೊಳೆಯುವ ಬಿಳಿ ಮೈ ಅದೇ. ಅದರ ಮೇಲೆ ಗಾಜಿನ ನೂಲಿನ ಬಟ್ಟೆ ಹಾಸಿ, ರೆಸಿನ್ ಎಂಬ ಅಂಟುದ್ರವ ಸುರಿದು, ರೋಲರ್ ಉರುಳಿಸಿ ಗಾಳಿಗುಳ್ಳೆ ಹೊರಗೆ ಅಟ್ಟುತ್ತಾರೆ. ಮತ್ತೆ ಬಟ್ಟೆ, ಮತ್ತೆ ರೆಸಿನ್. ಗಟ್ಟಿಯಾದ ಮೇಲೆ ಎತ್ತಿದರೆ ದೋಣಿಯ ಮೈ ಇಡಿಯಾಗಿ ಅಚ್ಚಿನಿಂದ ಹೊರಬರುತ್ತದೆ. ಕೀಲು ಇಲ್ಲ, ಸಂದು ಇಲ್ಲ. ಮರುದಿನ ಅದೇ ಅಚ್ಚಿಗೆ ಮತ್ತೆ ಮೇಣ.

ಊರುಸ್ಟ್‌ನ ಬಡಗಿಗಳಿಗೆ ಇದು ಸುಲಭವಾಗಿ ಒಪ್ಪಿಗೆಯಾಗುವ ವಿಷಯವಾಗಿರಲಿಕ್ಕಿಲ್ಲ ಅಂತ ನನಗೆ ಅನ್ನಿಸುತ್ತದೆ. ಉಳಿ, ಬಾಚಿ ಹಿಡಿದ ಕೈಗೆ ವಾಸನೆ ಬರುವ ಅಂಟು ಕೊಟ್ಟರೆ ಏನನ್ನಿಸಬೇಡ? ಆದರೆ ಅವರ ಕಸುಬು ಸಾಯಲಿಲ್ಲ. ದೋಣಿಯ ಮೈ ಫೈಬರ್ ಆಯಿತು, ಒಳಮನೆ ಮರದ್ದೇ ಉಳಿಯಿತು. ಹಾಲ್‌ಬರ್ಗ್ ಅವರ ಮಿಸ್ಟ್ರಾಲ್ 33 ಅನ್ನುವ ದೋಣಿಯಲ್ಲಿ ಕೆಳಗಿನ ಮೈ ಫೈಬರ್, ಮೇಲಿನ ಮನೆ ಮರ. ಎರಡು ಕಾಲ ಒಂದೇ ದೋಣಿಯಲ್ಲಿ ಕೂತಂತೆ. ಇವತ್ತಿಗೂ ಇವರ ದೋಣಿಯ ಒಳಗೆ ಕಾಲಿಟ್ಟರೆ ಮಹಾಗನಿ ಮರದ ಬೆಚ್ಚನೆಯ ಬಣ್ಣ ಕಣ್ಣಿಗೆ ಬೀಳುತ್ತದೆ. ಮೇಜಿನ ಅಂಚಿಗೆ ಎತ್ತರಿಸಿದ ಕಟ್ಟೆ ಇರುತ್ತದೆ, ದೋಣಿ ವಾಲಿದಾಗ ತಟ್ಟೆ ಜಾರದಿರಲಿ ಅಂತ. ಮೂಲೆಗಳೆಲ್ಲ ದುಂಡಗೆ, ಬಿದ್ದರೂ ಪೆಟ್ಟಾಗದ ಹಾಗೆ. ಕೈ ಚಾಚಿದ ಕಡೆ ಹಿಡಿಯಲು ಒಂದು ಮರದ ಹಿಡಿ. ಆ ಬಡಗಿಗಳ ಬುದ್ಧಿ ಅಲ್ಲಿಗೆ ಹೋಗಿ ಸೇರಿತು.

ಇನ್ನು ರಾಸಿ. ಕ್ರಿಸ್ಟೋಫ್ ರಾಸಿ ಜರ್ಮನಿಯವರು. ದಕ್ಷಿಣದ ಬವೇರಿಯಾ, ಆಲ್ಪ್ಸ್ ಬೆಟ್ಟಗಳ ಬುಡದ ಸಿಹಿನೀರಿನ ಕೆರೆಗಳ ಸೀಮೆ. ಸಮುದ್ರ ಅಲ್ಲಿಂದ ಬಹಳ ದೂರ. ಆ ಕಡೆಯ ಹುಡುಗ 1960ರ ದಶಕದ ಮೊದಲಲ್ಲಿ ದೋಣಿ ಕಟ್ಟುವ ಕಸುಬು ಹಿಡಿದು ಊರುಸ್ಟ್‌ಗೆ ಬಂದರು. ಆ ದಶಕದ ನಡುವೆ ಹ್ಯಾರಿ ಹಾಲ್‌ಬರ್ಗ್ ಜಾಗ ಸಾಲದೆ ಎಲ್ಲೋಸ್ ಎಂಬ ಊರಿಗೆ ಕಾರ್ಖಾನೆ ಸ್ಥಳಾಂತರಿಸಿದರು. ಖಾಲಿಯಾದ ಕುಂಗ್ಸ್‌ವೀಕೆನ್‌ನ ಹಳೇ ಜಾಗ ಈ ಜರ್ಮನ್ ಯುವಕನ ಕೈಗೆ ಬಂತು.

ಅಲ್ಲಿ ಅವರು ಕಟ್ಟಿದ ರಾಸ್ಮುಸ್ 35 ಈ ಮನೆತನದ ನಿಜವಾದ ಬುನಾದಿ. ರಾಸ್ಮುಸ್ ಅಂದರೆ ಆ ಕಡೆಯ ನಾವಿಕರು ಗಾಳಿಗೂ ಸಮುದ್ರಕ್ಕೂ ಇಟ್ಟ ಪ್ರೀತಿಯ ಹೆಸರು. ಹೊರಡುವ ಮುಂಚೆ ಒಂದು ಗುಟುಕು ಮದ್ಯ ನೀರಿಗೆ ಚೆಲ್ಲಿ ರಾಸ್ಮುಸ್‌ನನ್ನು ಸಮಾಧಾನ ಮಾಡುವ ರೂಢಿ ಇದೆ. ಮಿಸ್ಟ್ರಾಲ್ ಫ್ರಾನ್ಸಿನ ದಕ್ಷಿಣದ ಗಾಳಿ, ಮಾನ್ಸುನ್ ನಮ್ಮ ಕಡಲಿನ ಗಾಳಿ. ಗಾಳಿಯಿಂದ ನಡೆಯುವ ದೋಣಿಗೆ ಗಾಳಿಯದೇ ಹೆಸರು. ನಕ್ಷೆ ಬರೆದವರು ಓಲ್ಲೆ ಎಂಡರ್ಲೈನ್ ಎಂಬ ಸ್ವೀಡನ್ನಿನ ವಿನ್ಯಾಸಗಾರರು. 1967ರಿಂದ 1978ರವರೆಗೆ ರಾಸ್ಮುಸ್ ದೋಣಿಗಳು 760 ಬಂದವು.

ರಾಸ್ಮುಸ್‌ನಲ್ಲಿ ಏನಿತ್ತು ಅಂಥದ್ದು? ಆ ಕಾಲದ ಹಾಯಿದೋಣಿಯಲ್ಲಿ ಚುಕ್ಕಾಣಿ ಹಿಡಿದವನು ಹಿಂದುಗಡೆ, ಬಯಲಲ್ಲಿ ಕೂರಬೇಕಿತ್ತು. ಮುಖಕ್ಕೆ ಅಲೆಯ ತುಂತುರು. ಬಾಲ್ಟಿಕ್ ಅಥವಾ ಉತ್ತರ ಸಮುದ್ರದಲ್ಲಿ ರಾತ್ರಿ ಎರಡು ಗಂಟೆಗೆ ಪಾಳಿ ಮಾಡುವುದನ್ನು ಸುಮ್ನೆ ಕಣ್ಣಿಗೆ ತಂದುಕೊಳ್ಳಿ. ನೀರು ಕೈಯಿಟ್ಟರೆ ಜೋಮು ಹಿಡಿಸುವಷ್ಟು ತಣ್ಣಗೆ. ದೋಣಿ ಒಂದು ಅಲೆಗೆ ಢಿಕ್ಕಿ ಹೊಡೆದಾಗಲೆಲ್ಲ ಅರ್ಧ ಬಕೆಟ್ ನೀರು ಮುಖಕ್ಕೆ. ಒಂದು ಗಂಟೆ ತಡೆಯಬಹುದು, ನಾಲ್ಕು ಗಂಟೆ ಆದರೆ ಬೆರಳು ಮಡಚುವುದಿಲ್ಲ, ತಲೆ ಓಡುವುದಿಲ್ಲ. ಸಮುದ್ರದಲ್ಲಿ ತಪ್ಪುಗಳಾಗುವುದು ಜಾಸ್ತಿ ಅಂಥ ಹೊತ್ತಲ್ಲೇ.

ರಾಸ್ಮುಸ್‌ನಲ್ಲಿ ಚುಕ್ಕಾಣಿಯ ಜಾಗ ದೋಣಿಯ ನಡುವಿಗೆ ಬಂತು. ಅದರ ಮುಂದೆ ಕಾರಿನ ಮುಂಗಾಜಿನ ಹಾಗೆ ಗಟ್ಟಿಯಾಗಿ ಕೂರಿಸಿದ ಗಾಜಿನ ತಡೆ. ಗಾಳಿ ಬೇಕೆನಿಸಿದರೆ ತೆರೆಯಲಿಕ್ಕೆ ಇವರ ದೋಣಿಗಳ ಗಾಜಿನಲ್ಲಿ ನಡುವಿನ ಕಿಟಕಿ ಇರುತ್ತದೆ. ಹಿಂದೆ ಉಳಿದ ಜಾಗದಲ್ಲಿ ಒಂದು ಪ್ರತ್ಯೇಕ ಮಲಗುವ ಕೋಣೆ. ಜೊತೆಗೆ ಬಲವಾದ ಡೀಸೆಲ್ ಎಂಜಿನ್. ಹಾಯಿ ಪ್ರಿಯರಿಗೆ ಎಂಜಿನ್ ಅಂದರೆ ಕಡೆಗಾಲದ ಉಪಾಯ ಅನ್ನುವ ಭಾವನೆ ಇದ್ದ ದಿನಗಳು ಅವು. ರಾಸಿ ಅದನ್ನು ಒಪ್ಪಲಿಲ್ಲ. ಗಾಳಿ ನಿಂತಾಗ ಮನೆಯವರನ್ನು ಬಂದರಿಗೆ ಮುಟ್ಟಿಸಬೇಕಲ್ಲ! ಗೆಲ್ಲುವುದಕ್ಕಿಂತ ತಲುಪುವುದು ಮುಖ್ಯ ಎನ್ನುವ ಕುಟುಂಬಗಳು ಈ ದೋಣಿ ಹುಡುಕಿಕೊಂಡು ಬಂದವು. ಆ ಗಾಜಿನ ತಡೆ ಇಂದಿಗೂ ಈ ದೋಣಿಗಳ ಗುರುತು. ಬಂದರಿನಲ್ಲಿ ನೂರು ದೋಣಿ ನಿಂತಿದ್ದರೂ ಆ ಗಾಜು, ಮೈಗುಂಟ ಓಡುವ ನೀಲಿ ಪಟ್ಟಿ ನೋಡಿ ಇದು ಎಲ್ಲೋಸ್‌ನದು ಅಂತ ಹೇಳಿಬಿಡಬಹುದು.

1972ರಲ್ಲಿ ಹ್ಯಾರಿ ಹಾಲ್‌ಬರ್ಗ್ ನಿವೃತ್ತರಾದರು. ಕ್ರಿಸ್ಟೋಫ್ ರಾಸಿ ಎಲ್ಲೋಸ್‌ನ ಕಾರ್ಖಾನೆಯನ್ನೂ ಕೊಂಡರು. ಹಾಲ್‌ಬರ್ಗ್ ಹೆಸರು ಕೊಳ್ಳುವವರಲ್ಲಿ ಬೇರೂರಿತ್ತು. ಅದನ್ನು ಬಿಡುವುದು ಲಾಭದ ಮಾತಾಗಿರಲಿಲ್ಲ ನಿಜ. ಆದರೂ ನನಗೆ ಇದರಲ್ಲಿ ವ್ಯಾಪಾರಕ್ಕಿಂತ ಜಾಸ್ತಿ ಏನೋ ಕಾಣುತ್ತದೆ. ಹೊರದೇಶದಿಂದ ಬಂದವರು ಊರಿನ ಹಿರಿಯ ಕಸುಬುಗಾರನ ಹೆಸರನ್ನು ಮೊದಲು ಹೇಳಿ ತಮ್ಮದನ್ನು ಆಮೇಲೆ ಹೇಳಿದರು. ಹಾಲ್‌ಬರ್ಗ್ ಮನೆಯವರು ಯಾರೂ ಕಂಪನಿ ನಡೆಸದೆ ಅರ್ಧ ಶತಮಾನ ಕಳೆದಿದೆ. ಹೆಸರು ಹಾಗೇ ಇದೆ.

ಎರಡು ವರ್ಷದ ಮೇಲೆ ಬಂದದ್ದೇ ಮಾನ್ಸುನ್ 31. ಇದೂ ಎಂಡರ್ಲೈನ್ ಅವರದೇ ನಕ್ಷೆ. ಒಟ್ಟು ತೂಕ ನಾಲ್ಕು ಟನ್ನಿಗೆ ತುಸು ಮೇಲೆ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಕೆಳಗಿನ ಭಾರವೇ. ಇದನ್ನು ಬಿಡಿಸಿ ಹೇಳಬೇಕು. ಹಾಯಿದೋಣಿಯ ಅಡಿಯಲ್ಲಿ ಮೀನಿನ ರೆಕ್ಕೆಯಂತೆ ಒಂದು ಭಾಗ ನೀರಿನೊಳಗೆ ಇಳಿದಿರುತ್ತದೆ. ಅದಕ್ಕೆ ಕೀಲ್ ಅನ್ನುತ್ತಾರೆ. ಅದರಲ್ಲಿ ಸೀಸವನ್ನೋ ಕಬ್ಬಿಣವನ್ನೋ ತುಂಬಿರುತ್ತಾರೆ. ಗಾಳಿ ಹಾಯಿಯನ್ನು ಒಂದು ಕಡೆ ಒತ್ತಿದಾಗ ದೋಣಿ ವಾಲುತ್ತದೆ. ಕೆಳಗಿನ ಭಾರ ಅದನ್ನು ಮತ್ತೆ ನೆಟ್ಟಗೆ ಎಳೆಯುತ್ತದೆ. ತಂಜಾವೂರಿನ ಕಡೆ ಮಾಡುವ ತಲೆಯಾಡಿಸುವ ಗೊಂಬೆಗಳಂತೆ, ಬುಡ ಭಾರ ಇದ್ದರೆ ತಳ್ಳಿದಷ್ಟೂ ಎದ್ದು ನಿಲ್ಲುತ್ತದೆ. ಕೀಲ್‌ಗೆ ಇನ್ನೊಂದು ಕೆಲಸವೂ ಉಂಟು. ಗಾಳಿ ಪಕ್ಕದಿಂದ ಬೀಸಿದಾಗ ದೋಣಿ ಅಡ್ಡ ಜಾರದಂತೆ ನೀರಿನಲ್ಲಿ ಊರಿಕೊಳ್ಳುತ್ತದೆ. ಅದರಿಂದಲೇ ದೋಣಿ ಗಾಳಿಗೆ ಓರೆಯಾಗಿ ಮುಂದೆ ಹೋಗಬಲ್ಲದು.

ಕೀಲ್ ಉದ್ದವಾಗಿದ್ದರೆ ದೋಣಿ ಹಳಿಯ ಮೇಲಿನ ರೈಲಿನಂತೆ ನೆಟ್ಟಗೆ ಹೋಗುತ್ತದೆ, ಆದರೆ ತಿರುಗಿಸಲು ಕಷ್ಟ. ಗಿಡ್ಡವಾಗಿ ಆಳವಾಗಿದ್ದರೆ ಚುರುಕು, ಆದರೆ ಚುಕ್ಕಾಣಿ ಬಿಡುವ ಹಾಗಿಲ್ಲ. ಹಳೆಯ ದೋಣಿಗಳಿಂದ ಹೊಸವಕ್ಕೆ ಬರುತ್ತ ಕೀಲ್ ಗಿಡ್ಡವಾಗುತ್ತ ಬಂದಿದೆ. ಎಂಡರ್ಲೈನ್ ಅವರ ದೋಣಿಗಳು ಹಳೇ ಮನಸ್ಸಿನವು. ಭಾರ, ನಿಧಾನ, ನಂಬಿಕಸ್ತ. ಅವರ ನಕ್ಷೆಯಲ್ಲೇ ಬಂದ 352 ಅನ್ನುವ ನಮೂನೆಯ ದೋಣಿಗಳು 802 ಹೊರಬಂದವು.

1980ರ ದಶಕದ ಕೊನೆಗೆ ನಕ್ಷೆಯ ಕೆಲಸ ಅರ್ಜೆಂಟೀನಾದ ಹೆರ್ಮಾನ್ ಫ್ರೆರ್ಸ್ ಅವರಿಗೆ ಹೋಯಿತು. ಇದು ಧೈರ್ಯದ ಹೆಜ್ಜೆ. ಫ್ರೆರ್ಸ್ ಓಟದ ದೋಣಿಗಳಲ್ಲಿ ದೊಡ್ಡ ಹೆಸರು. ಅವರು ಬರೆದ ಫ್ಲೈಯರ್ ಎಂಬ ದೋಣಿ 1981-82ರ ಜಗತ್ತು ಸುತ್ತುವ ವಿಟ್‌ಬ್ರೆಡ್ ಸ್ಪರ್ಧೆ ಗೆದ್ದಿತ್ತು. ಅಂಥವರನ್ನು ಕರೆದು ಕುಟುಂಬಗಳ ದೋಣಿ ಬರೆಸಿದರು. ಗಾಜಿನ ತಡೆ ಇರಬೇಕು, ನಡುವಿನ ಚುಕ್ಕಾಣಿ ಇರಬೇಕು, ಒಳಗೆ ಮಹಾಗನಿ ಇರಬೇಕು, ಆದರೆ ನೀರಿನೊಳಗಿನ ಮೈ ಓಡುವಂತಿರಬೇಕು. ಹಳಬರಿಗೆ ತಮ್ಮ ದೋಣಿ ಅಂತ ಗುರುತು ಸಿಕ್ಕಿತು, ಓಡಿಸಿದಾಗ ವೇಗ ಸಿಕ್ಕಿತು. ಇತ್ತೀಚಿನ ಫ್ರೆರ್ಸ್ ದೋಣಿಗಳಲ್ಲಿ ಚುಕ್ಕಾಣಿಯ ಹಲಗೆ ಒಂದರ ಬದಲು ಎರಡು ಇರುತ್ತವೆ. ಹಿಂಭಾಗ ಅಗಲವಾದಂತೆ, ದೋಣಿ ವಾಲಿದಾಗ ನಡುವಿನ ಚುಕ್ಕಾಣಿ ನೀರಿನಿಂದ ಮೇಲೇಳುತ್ತದೆ, ಹಿಡಿತ ತಪ್ಪುತ್ತದೆ. ಎರಡಿದ್ದರೆ ವಾಲಿದ ಕಡೆಯದು ನೀರಲ್ಲಿ ಪೂರ್ತಿ ಮುಳುಗಿರುತ್ತದೆ.

ಮೈ ಕಟ್ಟುವ ರೀತಿಯೂ ಬದಲಾಯಿತು. ಮೊದಲು ಪೂರ್ತಿ ಗಟ್ಟಿ ಫೈಬರ್ ಇತ್ತು. ಆಮೇಲೆ ಎರಡು ಫೈಬರ್ ಪದರಗಳ ನಡುವೆ ಹಗುರವಾದ ಗಟ್ಟಿ ಫೋಮ್ ಇಟ್ಟು ಕಟ್ಟತೊಡಗಿದರು. ತೂಕ ಹೆಚ್ಚಿಸದೆ ಬಲ ಬರುತ್ತದೆ. ಮೇಲಾಗಿ ಬೆಚ್ಚಗಿರುತ್ತದೆ. ತಣ್ಣೀರಿನ ಸಮುದ್ರದಲ್ಲಿ ಒಂಟಿ ಪದರದ ದೋಣಿಯೊಳಗೆ ಮಲಗಿದರೆ ಬೆಳಗಾಗುವ ಹೊತ್ತಿಗೆ ಗೋಡೆಯೆಲ್ಲ ಬೆವರಿರುತ್ತದೆ, ಹಾಸಿಗೆ ಒದ್ದೆ. ಫೋಮ್ ಇದನ್ನು ತಡೆಯುತ್ತದೆ. ಇನ್ನು ಕೆಳಮೈಗೂ ಮೇಲಿನ ಡೆಕ್‌ಗೂ ಬೆಸೆಯುವ ಕಡೆ ಒಳಗಿನಿಂದ ಮತ್ತೆ ಫೈಬರ್ ಹಾಸಿ ಒಂದೇ ತುಂಡು ಮಾಡುತ್ತಾರೆ. ಬೋಲ್ಟ್ ಹಾಕಿ ಬಿಗಿದಿದ್ದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ವರ್ಷಗಳು ಕಳೆದಂತೆ ಆ ಸಂದಿನಲ್ಲಿ ನೀರು ಜಿನುಗುವ ಭಯ ಇರುತ್ತದೆ.

ಇಷ್ಟು ಚೆನ್ನಾಗಿ ಕಟ್ಟಿದರೆ ವ್ಯಾಪಾರಕ್ಕೆ ಒಂದು ತೊಡಕು ಹುಟ್ಟುತ್ತದೆ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ ಭಾಗ ಇದೇ. ಮರದ ದೋಣಿ ಕೊಳೆಯುತ್ತದೆ, ಒಂದು ತಲೆಮಾರಿಗೆ ಹೊಸದು ಬೇಕಾಗುತ್ತದೆ. ಫೈಬರ್ ಕೊಳೆಯುವುದಿಲ್ಲ. ನಲವತ್ತು ವರ್ಷದ ಹಿಂದಿನ ಮಾನ್ಸುನ್ ಇನ್ನೂ ಗಟ್ಟಿಮುಟ್ಟಾಗಿ ತೇಲುತ್ತಿರುತ್ತದೆ. ಹೊಸ ದೋಣಿಯ ಬೆಲೆಯ ಒಂದು ಸಣ್ಣ ಪಾಲಿಗೆ ಸಿಗುತ್ತದೆ. ಅಂದರೆ ಕಂಪನಿಗೆ ಪೈಪೋಟಿ ಕೊಡುವುದು ಅವರದೇ ಹಳೇ ದೋಣಿಗಳು.

ಜೊತೆಗೆ ಅಚ್ಚಿನ ಖರ್ಚು. ಹೊಸ ನಮೂನೆ ತರಬೇಕು ಅಂದರೆ ನಕ್ಷೆ, ಮಾದರಿ, ಮೈಯ ಅಚ್ಚು, ಡೆಕ್‌ನ ಅಚ್ಚು, ಹತ್ತಾರು ಸಣ್ಣ ಅಚ್ಚುಗಳು ಬೇಕು. ಒಂದು ದೋಣಿಯೂ ಮಾರಾಟವಾಗುವ ಮೊದಲೇ ಹಣ ಸುರಿಯಬೇಕು. ಜನ ಮೆಚ್ಚಿದರೆ ಸರಿ. ಮೆಚ್ಚದಿದ್ದರೆ ಅಚ್ಚು ಹಿತ್ತಲಲ್ಲಿ ಬಿದ್ದಿರುತ್ತದೆ, ಸಾಲ ತಲೆ ಮೇಲೆ ಕೂತಿರುತ್ತದೆ. 2008ರ ಆರ್ಥಿಕ ಕುಸಿತದ ನಂತರ ದೊಡ್ಡ ಹಾಯಿದೋಣಿ ಕೊಳ್ಳುವವರು ಒಮ್ಮೆಲೇ ಕಮ್ಮಿಯಾದರು. ಊರುಸ್ಟ್‌ನ ಸೀಮೆಗೆ ಅದು ದೊಡ್ಡ ಏಟು. ನಯಾದ್‌ನಂಥ ಹೆಸರಾಂತ ಮನೆಯೂ ದಿವಾಳಿಯಾಗಿ ಕೈ ಬದಲಾಯಿತು. ಹಾಲ್‌ಬರ್ಗ್-ರಾಸಿ ಉಳಿಯಿತು. ಕ್ರಿಸ್ಟೋಫ್ ಅವರ ಮಗ ಮಾಗ್ನುಸ್ ರಾಸಿ ಆ ಹೊತ್ತಿಗೆ ಹೊಣೆ ಹೊತ್ತಿದ್ದರು. ಕಂಪನಿ ಮನೆಯವರದ್ದೇ ಆಗಿದ್ದರಿಂದ ಪ್ರತಿ ಮೂರು ತಿಂಗಳಿಗೆ ಯಾರಿಗೋ ಲಾಭ ತೋರಿಸುವ ಒತ್ತಡ ಇರುವುದಿಲ್ಲ. ಕೆಟ್ಟ ಕಾಲದಲ್ಲಿ ಕಾಯಬಹುದು. ಇದೊಂದರಿಂದಲೇ ಉಳಿದರು ಅಂತ ನಾನು ಹೇಳುವುದಿಲ್ಲ, ಆದರೆ ಇದಕ್ಕೆ ದೊಡ್ಡ ಪಾಲಿದೆ ಅನ್ನುವುದು ನನ್ನ ನಂಬಿಕೆ.

ಹಳೇ ದೋಣಿಗಳ ಪೈಪೋಟಿಗೆ ಅವರು ಕಂಡುಕೊಂಡ ದಾರಿ ಸರಳ. ಹಳೇ ದೋಣಿಯವರನ್ನು ಕೈಬಿಡಲಿಲ್ಲ. ಎಲ್ಲೋಸ್‌ನಲ್ಲಿ ಬಿಡಿಭಾಗಗಳಿಗೆಂದೇ ಒಂದು ವಿಭಾಗ ಇದೆ. ನಿಮ್ಮ ಹಳೇ ದೋಣಿಯ ಗಾಜು ಒಡೆದರೆ, ರಬ್ಬರು ಸವೆದರೆ ಅಲ್ಲಿ ಕೇಳಬಹುದು. ಐದನೆಯ ಕೈಗೆ ಬಂದ ದೋಣಿಯಾದರೂ ಮಾಲೀಕ ಅವರ ಗಿರಾಕಿಯೇ. ಹೀಗಾದಾಗ ಹಳೇ ದೋಣಿಯ ಬೆಲೆ ಕುಸಿಯುವುದಿಲ್ಲ. ಅದನ್ನು ಮಾರಿ ಬಂದ ಹಣಕ್ಕೆ ಇನ್ನಷ್ಟು ಸೇರಿಸಿ ದೊಡ್ಡದು ಕೊಳ್ಳಬಹುದು. ಅಮೆರಿಕದ ಜಾನ್ ನೀಲ್ ಎಂಬ ನಾವಿಕರು ಇದಕ್ಕೆ ಒಳ್ಳೆಯ ಉದಾಹರಣೆ. ಸಾಗರ ದಾಟುವುದನ್ನು ದೋಣಿಯಲ್ಲೇ ಕರೆದೊಯ್ದು ಕಲಿಸುವುದು ಅವರ ವೃತ್ತಿಯಾಗಿತ್ತು. ಮೊದಲು 31 ಅಡಿಯ ಮಾನ್ಸುನ್ ಇತ್ತು, ಆಮೇಲೆ 42 ಅಡಿಯದು, ಆಮೇಲೆ 46ರದು. ಮೂರೂ ಒಂದೇ ಮನೆಯವು. ಮೂರಕ್ಕೂ ಇಟ್ಟ ಹೆಸರು ಒಂದೇ, ಮಹೀನಾ ಟಿಯಾರೆ.

ಪ್ರತಿ ವರ್ಷ ಆಗಸ್ಟ್ ಕೊನೆಯಲ್ಲಿ ಊರುಸ್ಟ್‌ನ ದೋಣಿ ಕಾರ್ಖಾನೆಗಳು ಬಾಗಿಲು ತೆರೆದಿಟ್ಟು ಜನರನ್ನು ಕರೆಯುತ್ತವೆ. ಎಲ್ಲೋಸ್‌ಗೆ ಹಲವರು ತಮ್ಮ ತಮ್ಮ ದೋಣಿಗಳಲ್ಲೇ ಬರುತ್ತಾರೆ. ಕಟ್ಟೆಗೆ ಹಗ್ಗ ಬಿಗಿದು, ಹೊಸ ದೋಣಿಯ ತೇಗದ ಡೆಕ್ ಕೊಳೆಯಾಗದಿರಲಿ ಅಂತ ಚಪ್ಪಲಿ ಕೆಳಗೆ ಬಿಟ್ಟು, ಹತ್ತಿ ಒಳಗೆಲ್ಲ ಕೈಯಾಡಿಸಿ ನೋಡುತ್ತಾರೆ. ಮೇಜಿನ ಅಂಚು ಮುಟ್ಟುತ್ತಾರೆ, ಗಾಜಿನ ಹಿಂದೆ ಕೂತು ಚಕ್ರ ಹಿಡಿಯುತ್ತಾರೆ. ಆಮೇಲೆ ಚಪ್ಪಲಿ ಹಾಕಿಕೊಂಡು, ಬಂದ ಹಳೇ ದೋಣಿಯಲ್ಲೇ ಮನೆಗೆ ಹೊರಡುತ್ತಾರೆ.